ಹನ್ನೊಂದು ಕಲ್ಲುಗಳ ಬೆನ್ನು

ನಮ್ಮೂರಿನಲ್ಲಿ ಕಲ್ಲು ಬಿಸಿಯಾಗುವುದು ಬಿಸಿಲಿನಿಂದಲ್ಲ. ಊರ ನಡುವೆ ಇರುವ ವೈದ್ಯ ಸಂಶೋಧನಾಲಯದಲ್ಲಿ ಯಾರಾದರೂ ಒಂದು ಸಂಶೋಧನೆ ಮುಗಿಸಿ ಅಚ್ಚು ಹಾಕಿಸಿದರೆ, ತಮ್ಮ ವಿಭಾಗದ ಗೋಡೆಯಲ್ಲಿ ಒಂದು ಕಲ್ಲು ಕೂರಿಸುತ್ತಾರೆ. ಕಲ್ಲಿನ ಮುಖದ ಮೇಲೆ ಹೆಸರು, ವರ್ಷ. ಆಮೇಲೆ ಎಲ್ಲೋ ದೂರದ ದೇಶದಲ್ಲಿ ಇನ್ನೊಬ್ಬರು ತಮ್ಮ ಬರಹದಲ್ಲಿ ಆ ಸಂಶೋಧನೆಯ ಹೆಸರು ಹೇಳಿ, ಅದನ್ನು ಆಧಾರ ಮಾಡಿಕೊಂಡು ಮುಂದೆ ಹೋದರೆ, ಇಲ್ಲಿ ಆ ಕಲ್ಲು ಬೆಚ್ಚಗಾಗುತ್ತದೆ. ಇದನ್ನು ನಾವು ಒರಗುವುದು ಅನ್ನುತ್ತೇವೆ. ಒಬ್ಬರು ಒರಗಿದರೆ ಒಂದು ದಿನದ ಬಿಸಿ. ನೂರಾರು ಜನ ಒರಗುವ ಕಲ್ಲು ವರ್ಷವಿಡೀ ಆರುವುದಿಲ್ಲ.

ಊರಿನವರಿಗೆ ಇದು ಎಂದೋ ಅಭ್ಯಾಸವಾಗಿ ಹೋಗಿದೆ. ಹೃದಯ ವಿಭಾಗದ ಗೋಡೆಗೆ ಚಳಿಗಾಲದಲ್ಲಿ ಮುದುಕರು ಬೆನ್ನು ಕೊಟ್ಟು ಕೂತಿರುತ್ತಾರೆ. ಮೂಳೆ ವಿಭಾಗದ ಗೋಡೆಯ ಮೇಲೆ ಮಳೆಗಾಲದಲ್ಲಿ ಮಕ್ಕಳ ಬಟ್ಟೆ ಒಣಗುತ್ತವೆ. ಕಣ್ಣಿನ ವಿಭಾಗದವರು ಒಳ್ಳೆಯವರು, ಸಂಡಿಗೆ ಹಾಕಿದರೂ ಬೇಡ ಅನ್ನುವುದಿಲ್ಲ. ಹೆಣ್ಣು ಕೊಡುವವರು ಗಂಡು ಸಂಶೋಧನಾಲಯದವನು ಅಂತ ತಿಳಿದರೆ, ಜಾತಕಕ್ಕಿಂತ ಮೊದಲು ಹೋಗಿ ಅವನ ಕಲ್ಲು ಮುಟ್ಟಿ ಬರುತ್ತಾರೆ.

ನಾನು ಅಲ್ಲಿಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷದಿಂದ ಇಡ್ಲಿ ಬೇಯಿಸುತ್ತಿದ್ದೇನೆ. ಹೆಸರು ಚನ್ನಾಜಮ್ಮ. ಓದಿದ್ದು ಮೂರನೇ ಕ್ಲಾಸು. ಸಂಶೋಧನೆ ಅಂದರೆ ಏನು ಅಂತ ನನ್ನನ್ನು ಕೇಳಬೇಡಿ. ಹಿಟ್ಟು ಯಾವಾಗ ಉಬ್ಬುತ್ತದೆ, ಯಾಕೆ ಉಬ್ಬುವುದಿಲ್ಲ ಅಂತ ಕೇಳಿದರೆ ಹೇಳಬಲ್ಲೆ. ಡಾಕ್ಟರ್ ಶಿವಗಂಗಾ ಅವರ ವಿಷಯದಲ್ಲಿ ಕೆಲಸಕ್ಕೆ ಬಂದದ್ದು ಆ ತಿಳಿವಳಿಕೆಯೇ.

ಶಿವಗಂಗಾ ಅವರು ಮೂವತ್ತು ವರ್ಷದಿಂದ ಒಂದೇ ವಸ್ತುವಿನ ಹಿಂದೆ ಬಿದ್ದಿದ್ದರು. ಎಂಜಲು. ನಾಲಿಗೆ ಕಚ್ಚಿಕೊಂಡ ಗಾಯ ಮೂರು ದಿನದಲ್ಲಿ ಗುರುತೂ ಉಳಿಯದೆ ಮಾಯುತ್ತದೆ, ಮೊಣಕಾಲಿನ ಗಾಯ ಮೂರು ವಾರವಾದರೂ ಕಲೆ ಬಿಡುತ್ತದೆ. ಯಾಕೆ? ಎಂಜಲಿನ ಲೋಳೆಯಲ್ಲಿ ಏನಿದೆ? ಅವರು ಹುಡುಕುತ್ತಿದ್ದದ್ದು ಇಷ್ಟೇ. ಸಿಕ್ಕಿದವರಿಗೆಲ್ಲ ಗಾಜಿನ ಕೊಳವೆ ಕೊಟ್ಟು ಅದರಲ್ಲಿ ಉಗಿಯಿರಿ ಅನ್ನುತ್ತಿದ್ದರು. ನನಗೂ ಕೊಟ್ಟಿದ್ದರು. ಉಗಿಯಿರಿ ಅಂತ ಮರ್ಯಾದೆಯಿಂದ ಕೇಳುವವರು ಊರಿಗೆಲ್ಲ ನೀವೊಬ್ಬರೇ ಅಂತ ನಾನು ಅಂದದ್ದಕ್ಕೆ ಅವರು ಅರ್ಧ ಗಂಟೆ ನಕ್ಕಿದ್ದರು.

ಊರು ಮಾತ್ರ ಅವರನ್ನು ಎಂಜಲು ಡಾಕ್ಟರು ಅನ್ನುತ್ತಿತ್ತು. ಕೆಲವರು ಅವರ ಕೈಯಿಂದ ನೀರು ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಸಂಶೋಧನಾಲಯದಲ್ಲಿ ಎಂಜಲಿಗೆ ಬೇರೆ ವಿಭಾಗ ಇಲ್ಲದ್ದರಿಂದ ಅವರನ್ನು ಹಲ್ಲಿನ ವಿಭಾಗಕ್ಕೆ ಸೇರಿಸಿ, ಹಿಂದುಗಡೆ ಒಂದು ಕೋಣೆ ಕೊಟ್ಟಿದ್ದರು. ಅಲ್ಲೇ ಒಂದು ಗಿಡ್ಡ ಗೋಡೆಯಲ್ಲಿ ಅವರ ಹನ್ನೊಂದು ಕಲ್ಲುಗಳು. ಮೂವತ್ತು ವರ್ಷಕ್ಕೆ ಹನ್ನೊಂದು. ಹೃದಯ ವಿಭಾಗದ ಮಾಧವಮೂರ್ತಿಯವರದು ನೂರಾ ಅರವತ್ತು. ಅವರಿಗೆ ಹತ್ತೊಂಬತ್ತು ಜನ ಶಿಷ್ಯರು. ಶಿಷ್ಯರು ಗುರುವಿಗೆ ಒರಗುವುದು, ಗುರು ಶಿಷ್ಯರಿಗೆ ಒರಗುವುದು, ಶಿಷ್ಯರು ತಮ್ಮತಮ್ಮಲ್ಲೇ ಒರಗುವುದು. ಮದುವೆ ಮನೆಯಲ್ಲಿ ಎದುರುಬದುರು ಕೂತು ಒಬ್ಬರ ಎಲೆಗೆ ಒಬ್ಬರು ಬಡಿಸಿಕೊಂಡ ಹಾಗೆ. ಮನುಷ್ಯ ಕೆಟ್ಟವರಲ್ಲ. ಗೋಡೆ ಬಿಸಿಯಾಗಿರುತ್ತಿತ್ತು, ಮುದುಕರಿಗೂ ಅನುಕೂಲ.

ಶಿವಗಂಗಾ ಅವರ ಕಲ್ಲುಗಳು ತಣ್ಣಗಿದ್ದವು. ಸಂಶೋಧನಾಲಯದ ಕಟ್ಟಳೆ ಏನೆಂದರೆ, ವರ್ಷಕ್ಕೊಮ್ಮೆ ಧನುರ್ಮಾಸದಲ್ಲಿ ಅಂಗೈ ದಿನ. ಅಂದು ಮೂವರು ಹಿರಿಯರು ಬಂದು ಕಲ್ಲುಗಳ ಮೇಲೆ ಎಡಗೈ ಇಟ್ಟು ನೋಡುತ್ತಾರೆ. ಅಂಗೈ ಸೂಕ್ಷ್ಮವಾಗಿರಲಿ ಅಂತ ಆ ಹಿರಿಯರು ಒಂದು ತಿಂಗಳು ಬಿಸಿ ಲೋಟ ಹಿಡಿಯುವುದಿಲ್ಲ, ಕಾಫಿಯನ್ನು ಹೆಂಡತಿಯರು ಆರಿಸಿ ಕೊಡಬೇಕು. ಏಳು ಅಂಗೈ ದಿನ ಒಂದೇ ಸಮನೆ ತಣ್ಣಗಿದ್ದ ಕಲ್ಲನ್ನು ಕಿತ್ತು ಬಟ್ಟೆ ಒಗೆಯಲು ಕೊಡುತ್ತಾರೆ. ಒಮ್ಮೆ ಕಿತ್ತ ಕಲ್ಲು ಮತ್ತೆ ಬಿಸಿಯಾಗುವುದಿಲ್ಲ. ಎಲ್ಲ ಕಲ್ಲೂ ಕಿತ್ತುಹೋದವರ ಕೋಣೆಗೆ ಬೀಗ ಬೀಳುತ್ತದೆ.

ಆ ವರ್ಷದ್ದು ಅವರ ಹನ್ನೊಂದು ಕಲ್ಲಿಗೂ ತಣ್ಣಗಿನ ಏಳನೆಯ ಅಂಗೈ ದಿನ. ಹನ್ನೆರಡನೆಯ ಕೆಲಸ ಅರ್ಧ ನಡೆದಿತ್ತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮಾಯುತ್ತದೆಯೋ ಅಂತ ಎಂಜಲಿನ ಲೋಳೆಯಿಂದ ಒಂದು ಲೇಪ ಮಾಡುತ್ತಿದ್ದರು. ಇನ್ನು ಎರಡು ವರ್ಷ ಬೇಕಿತ್ತು. ಕೋಣೆಗೆ ಬೀಗ ಬಿದ್ದರೆ ಕೊಳವೆಗಳೆಲ್ಲ ಚರಂಡಿ ಪಾಲು. ನನ್ನ ತಂಗಿ ಪುಟ್ಟತಾಯಿಯ ಕಾಲಿನ ಎರಡು ಬೆರಳನ್ನು ಡಾಕ್ಟರು ತೆಗೆದಿದ್ದಾರೆ. ಹಾಗಾಗಿ ಆ ಲೇಪದ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಗೈ ದಿನಕ್ಕೆ ಒಂಬತ್ತು ದಿನ ಇರುವಾಗ ಕ್ಯಾಂಟೀನಿನ ಹೊಗೆಗೂಡು ಬಿರುಕು ಬಿಟ್ಟಿತೆಂದು ಗಾರೆ ತಿಪ್ಪಣ್ಣ ಒಲೆಯನ್ನೂ ಸೇರಿಸಿ ಕಿತ್ತು ಹಾಕಿದ. ನಾನು ಹೊರಗೆ ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡತೊಡಗಿದೆ. ಆದರೆ ರುಬ್ಬಿದ ಹಿಟ್ಟನ್ನು ಇಡುತ್ತಿದ್ದದ್ದು ಎಂದಿನಂತೆ ಹಿಟ್ಟಿನ ಕೋಣೆಯಲ್ಲೇ, ಒಳಗೋಡೆಗೆ ಆನಿಸಿ. ಇಪ್ಪತ್ತಾರು ವರ್ಷದಿಂದ ಅಲ್ಲೇ. ಎಂಥ ಚಳಿಯಲ್ಲೂ ಅಲ್ಲಿ ಹಿಟ್ಟು ಉಬ್ಬುತ್ತದೆ. ಪಕ್ಕದಲ್ಲಿ ಒಲೆ ಇದೆ, ಅದರ ಕಾವು ಅಂತ ನಾನು ತಿಳಿದಿದ್ದೆ. ಒಲೆ ಕಿತ್ತ ದಿನ, ನಾಳೆ ಇಡ್ಲಿ ಕಲ್ಲಾಗುತ್ತದೆ ಅಂದುಕೊಂಡೇ ಮಲಗಿದೆ.

ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಹಿಟ್ಟು ದಬರಿಯಿಂದ ಉಕ್ಕಿ, ನೆಲದ ಮೇಲೆ ಹರಿದು, ಹೊಸಿಲಿನ ತನಕ ಬಂದಿತ್ತು.

ಮೊದಲು ನನಗೆ ಮೆಂತ್ಯ ಹೆಚ್ಚಾಯಿತೇನೋ ಅನ್ನಿಸಿತು. ನೆಲ ಒರೆಸುತ್ತಾ ಗೋಡೆಗೆ ಕೈ ಊರಿದೆ. ಊರಿದವಳು ತೆಗೆದೆ. ಮತ್ತೆ ಇಟ್ಟೆ. ಜ್ವರ ಬಂದ ಮಗುವಿನ ಹೊಟ್ಟೆ ಇದ್ದ ಹಾಗಿತ್ತು. ಗೋಡೆಯ ಆಚೆ ಏನಿದೆ ಅಂತ ಯೋಚಿಸಿದೆ. ಆಚೆ ಹಲ್ಲಿನ ವಿಭಾಗದ ಹಿಂದುಗಡೆ. ಗಿಡ್ಡ ಗೋಡೆ. ಹನ್ನೊಂದು ಕಲ್ಲು, ಗೋಡೆಯಷ್ಟೇ ದಪ್ಪದವು.

ನಾನು ಹೋದಾಗ ಶಿವಗಂಗಾ ಅವರು ಕೊಳವೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು.

"ಡಾಕ್ಟರಮ್ಮ, ನಿಮ್ಮ ಕಲ್ಲಿಗೆ ಜ್ವರ ಬಂದದೆ," ಅಂದೆ.

"ಸಮಾಧಾನ ಹೇಳೋಕೆ ಬಂದ್ರಾ ಚನ್ನಾಜಮ್ಮ? ನಾನು ದಿನಾ ಬೆಳಿಗ್ಗೆ ಮುಟ್ಟಿ ನೋಡ್ತೀನಿ. ತಣ್ಣಗಿವೆ."

"ಯಾವ ಕಡೆ ಮುಟ್ತೀರಿ?"

ಅವರ ಕೈ ಪೇಪರಿನ ಮೇಲೆ ಹಾಗೇ ನಿಂತಿತು.

ಬಂದರು. ಹಿಟ್ಟಿನ ಕೋಣೆಯಲ್ಲಿ ಗೋಡೆ ಮುಟ್ಟಿದರು. ಮುಟ್ಟಿದವರೇ ಒಲೆಯ ಕಾವು ಅಂದರು. ಒಲೆ ಎಲ್ಲಿದೆ ತೋರಿಸಿ ಅಂದೆ. ಅಂಗಳದಲ್ಲಿ ಬಿದ್ದಿದ್ದ ಇಟ್ಟಿಗೆ ರಾಶಿಯನ್ನು ಅವರು ಹೋಗಿ ಮುಟ್ಟಿ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಂದು ಸಲ ಉಬ್ಬಿದ್ರೆ ಅದು ಹಿಟ್ಟು. ಮೂರು ಸಲ ಉಬ್ಬಿದ್ರೆ ಸಾಕ್ಷಿ," ಅಂದರು.

ಮೂರು ದಿನ ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸಿದರು. ಒಂದೇ ಹಿಟ್ಟನ್ನು ಮೂರು ಚೊಂಬಿಗೆ ಸಮನಾಗಿ ಹುಯ್ಯುವುದು. ಒಂದು ಅವರ ಕಲ್ಲುಗಳ ಬೆನ್ನಿಗೆ, ಒಂದು ಅದೇ ಕೋಣೆಯ ಎದುರು ಗೋಡೆಗೆ, ಒಂದು ನಡು ನೆಲದಲ್ಲಿ. ಮೂರು ಬೆಳಿಗ್ಗೆಯೂ ಕಲ್ಲಿನ ಬೆನ್ನಿಗಿಟ್ಟ ಚೊಂಬು ಮಾತ್ರ ಉಕ್ಕಿತ್ತು. ಉಳಿದ ಎರಡು ಇಟ್ಟ ಹಾಗೇ ಮಂಕಾಗಿ ಕೂತಿದ್ದವು.

ಆಗ ಅವರ ಕಣ್ಣು ಗೋಡೆಯ ಕೆಳಗಿನ ಸುಣ್ಣದ ಗೀಟುಗಳ ಮೇಲೆ ಬಿತ್ತು. ಏನಿವು ಅಂತ ಕೇಳಿದರು. ಹಿಟ್ಟು ಕೆಲವು ದಿನ ವಿಪರೀತ ಉಬ್ಬುತ್ತಿತ್ತು. ಅಂಥ ದಿನ ಒಂದು ಗೀಟು ಎಳೆದು, ಹತ್ತಿರದಲ್ಲಿ ಯಾವ ಹಬ್ಬವಿತ್ತೋ ಅದರ ಗುರುತು ಹಾಕುತ್ತಿದ್ದೆ, ಯುಗಾದಿ ಬಂದರೆ ಹೊಸ ಸಾಲು. ಗೌರಿ ಹಬ್ಬಕ್ಕೆ ಬಾಗಿನದ ಮೊರ, ದೀಪಾವಳಿಗೆ ಹಣತೆ, ಸಂಕ್ರಾಂತಿಗೆ ಕಬ್ಬು. ಯಾವ ಕಾಲದಲ್ಲಿ ದಬರಿ ಎಷ್ಟು ತುಂಬಬೇಕು ಅಂತ ನನಗೆ ಲೆಕ್ಕ ಸಿಗಲಿ ಅಂತ. ಲೆಕ್ಕ ಯಾವತ್ತೂ ಸಿಗಲಿಲ್ಲ. ಒಮ್ಮೆ ಬೇಸಿಗೆಯಲ್ಲಿ ಉಕ್ಕುವುದು, ಒಮ್ಮೆ ನಡು ಚಳಿಯಲ್ಲಿ ಉಕ್ಕುವುದು.

ಶಿವಗಂಗಾ ಅವರು ಓಡಿದರು. ಅವರು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಬಿಸ್ಕತ್ತಿನ ದೊಡ್ಡ ಡಬ್ಬವೊಂದನ್ನು ತಂದು ನೆಲದ ಮೇಲೆ ಸುರಿದರು. ಬರೀ ಕಾಗದಗಳು. ಎಲ್ಲೆಲ್ಲಿಂದಲೋ ಬಂದವು. ಕಣ್ಣೀರು ಬತ್ತಿದವರಿಗೆ ಹನಿ ಮದ್ದು ಮಾಡುವವರು ಬರೆದಿದ್ದರು, ನಿಮ್ಮ ಮೂರನೆಯ ಸಂಶೋಧನೆ ನಮಗೆ ದಾರಿ ತೋರಿಸಿತು ಅಂತ. ಹಸು ಕರುವನ್ನು ಯಾಕೆ ನೆಕ್ಕುತ್ತದೆ ಅಂತ ನೋಡುವ ದನದ ಡಾಕ್ಟರೊಬ್ಬರು ಬರೆದಿದ್ದರು. ಕರುಳಿನವರು, ಶ್ವಾಸಕೋಶದವರು, ಹಾಸಿಗೆ ಹಿಡಿದವರ ಬೆನ್ನು ಹುಣ್ಣು ನೋಡಿಕೊಳ್ಳುವ ಒಬ್ಬ ನರ್ಸು, ಕಪ್ಪೆಯ ಚರ್ಮದ ಲೋಳೆ ತೆಗೆಯುವ ಒಬ್ಬ ಪುಣ್ಯಾತ್ಮ. ಒಂದೊಂದು ಕಾಗದಕ್ಕೂ ಇವರು ಉತ್ತರ ಬರೆದಿದ್ದರು, ಆದರೆ ಯಾರಿಗೂ ತೋರಿಸಿರಲಿಲ್ಲ. ಬರೆದವರು ಯಾರೂ ಹಲ್ಲಿನ ವಿಭಾಗದವರಲ್ಲವಲ್ಲ, ಲೆಕ್ಕಕ್ಕೆ ಬರುವುದಿಲ್ಲ ಅಂತ.

ಕಾಗದದಲ್ಲಿದ್ದ ತಾರೀಖು ಅವರು ಓದುವುದು, ಆಸುಪಾಸಿನ ಹಬ್ಬ ನಾನು ಹೇಳುವುದು, ಇಬ್ಬರೂ ಗೋಡೆ ನೋಡುವುದು. ಕಣ್ಣೀರಿನವರು ತಮ್ಮ ಬರಹ ಅಚ್ಚಾಯಿತೆಂದು ಹೇಳಿದ ವಾರ ಗೋಡೆಯ ಮೇಲೆ ಮೊರದ ಗುರುತು. ದನದ ಡಾಕ್ಟರ ಬರಹದ ವಾರ ಕಬ್ಬು. ಹೀಗೆ ಮಧ್ಯಾಹ್ನದವರೆಗೆ ಕೂತೆವು. ನಲವತ್ತಮೂರು ಕಾಗದದಲ್ಲಿ ಮೂವತ್ತೊಂಬತ್ತು ಸರಿಹೋದವು. ಉಳಿದ ನಾಲ್ಕರ ಕಾಲಕ್ಕೆ ನಾನು ತವರಿಗೆ ಹೋಗಿದ್ದೆ.

ಅವರು ನೆಲದಲ್ಲೇ ಕೂತು ಹೇಳಿದರು, ತಮ್ಮ ವಿಭಾಗದವರು ಒರಗಿದರೆ ಮುಖ ಬಿಸಿಯಾಗುತ್ತದೆ, ಬೇರೆಯವರು ಒರಗಿದರೆ ಬೆನ್ನು ಬಿಸಿಯಾಗುತ್ತದೆ ಅಂತ ಕಾಣುತ್ತದೆ, ಇಷ್ಟು ವರ್ಷ ಯಾರಿಗೂ ತೋಚಲಿಲ್ಲವಲ್ಲ ಅಂತ. ನನಗೆ ಅದರಲ್ಲಿ ಅಂಥ ಆಶ್ಚರ್ಯ ಕಾಣಲಿಲ್ಲ. ನೆಂಟರು ಮುಂಬಾಗಿಲಿಂದ ಬರುತ್ತಾರೆ, ನೆರೆಯವರು ಹಿತ್ತಲ ಬಾಗಿಲಿಂದ ಬರುತ್ತಾರೆ. ಹೊತ್ತಿಗೆ ಆಗುವವರು ಯಾರು ಅಂತ ಸಂಸಾರ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಅವರು ಎಲ್ಲವನ್ನೂ ಬರೆದು ನಿರ್ದೇಶಕ ವೃಷಭೇಂದ್ರಪ್ಪನವರಿಗೆ ಅರ್ಜಿ ಕೊಟ್ಟರು. ಮಾರನೆಯ ದಿನವೇ ಉತ್ತರ ಬಂತು. ಕಟ್ಟಳೆಯಲ್ಲಿ ಕಲ್ಲಿನ ಮುಖ ಎಂದು ಮಾತ್ರ ಇದೆ, ಕಲ್ಲಿನ ಬೆನ್ನು ಕಟ್ಟಡ ರಿಪೇರಿ ಶಾಖೆಗೆ ಸೇರಿದ ವಿಷಯ, ಅಲ್ಲಿ ವಿಚಾರಿಸುವುದು. ಶಿವಗಂಗಾ ಅವರು ಆ ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟು, ಮತ್ತೆ ಕೊಳವೆ ಸುತ್ತಲು ಕೂತರು. ಸುತ್ತಬೇಡಿ, ಅಂಗೈ ದಿನ ಮುಗಿಯಲಿ ಅಂದೆ.

ಅಂಗೈ ದಿನ ಬೆಳಿಗ್ಗೆ ಹಿರಿಯರಿಗೆಲ್ಲ ನಾನೇ ಆರಿದ ಕಾಫಿ ಕೊಟ್ಟೆ. ಹಿರಿಯರಲ್ಲಿ ದೊಡ್ಡವರು ರಾಚೋಟಪ್ಪನವರು. ಸರ್ಕಾರಿ ಆಸ್ಪತ್ರೆಯಲ್ಲಿ ನಲವತ್ತು ವರ್ಷ ಕಾಂಪೌಂಡರ್ ಆಗಿದ್ದವರು, ಊರಿನ ಅರ್ಧ ಜನಕ್ಕೆ ಮೊದಲ ಸೂಜಿ ಚುಚ್ಚಿದವರು. ಹೃದಯ ವಿಭಾಗದಲ್ಲಿ ಎಂದಿನ ಹಾಗೆ ಚಪ್ಪಾಳೆ ಬಿತ್ತು. ಕಣ್ಣು, ಮೂಳೆ, ಚರ್ಮ ಆಗಿ ಕೊನೆಗೆ ಹಲ್ಲಿನ ವಿಭಾಗದ ಹಿಂದಕ್ಕೆ ಬಂದರು. ಜೊತೆಯಲ್ಲಿ ವೃಷಭೇಂದ್ರಪ್ಪ, ಮಾಧವಮೂರ್ತಿ, ಊರಿನ ಜನ. ಎಲ್ಲರ ಹಿಂದೆ ಹಾರೆ ಹಿಡಿದ ತಿಪ್ಪಣ್ಣ.

ರಾಚೋಟಪ್ಪ ಹನ್ನೊಂದು ಕಲ್ಲಿನ ಮುಖದ ಮೇಲೂ ಕೈಯಿಟ್ಟರು. ನಿಧಾನವಾಗಿಯೇ ಇಟ್ಟರು. ಆಮೇಲೆ ಇಲ್ಲವೆಂದು ತಲೆ ಆಡಿಸಿದರು. ಶಿವಗಂಗಾ ಅವರು ಬೆನ್ನಿನ ವಿಷಯ ಎತ್ತಿದರು. ನಿರ್ದೇಶಕರು ಅದಕ್ಕೆ ಲಿಖಿತ ಉತ್ತರ ಕೊಟ್ಟಾಗಿದೆ ಅಂದರು. ತಿಪ್ಪಣ್ಣ ಹಾರೆಯ ತುದಿಯನ್ನು ಮೊದಲ ಕಲ್ಲಿನ ಸಂದಿಗೆ ಹಚ್ಚಿದ.

ನಾನು ಹೋಗಿ ಹಾರೆಯ ಮುಂದೆ ನಿಂತೆ. ನನ್ನ ಕೈಯಲ್ಲಿ ಇನ್ನೂ ಹಿಟ್ಟಿನ ಸೌಟು ಇತ್ತು.

"ರಾಚೋಟಪ್ಪಣ್ಣ, ಒಂದು ಮಾತು. ನೀವು ಆಸ್ಪತ್ರೆಯಲ್ಲಿ ಜ್ವರ ನೋಡ್ತಿದ್ದಾಗ ಹಣೆ ಮುಟ್ಟಿ, ತಣ್ಣಗಿದೆ ಮನೆಗೆ ಹೋಗು ಅಂತಿದ್ರಾ?"

"ಇಲ್ಲಮ್ಮ. ಜ್ವರದ ಕಡ್ಡಿ ಇಡ್ತಿದ್ದೆ."

"ಎಲ್ಲಿ ಇಡ್ತಿದ್ರಿ?"

ಜನರಲ್ಲಿ ಯಾರೋ ಕಂಕುಳು ಅಂದರು. ನಾಲ್ಕು ಜನ ನಕ್ಕರು.

"ಮನುಷ್ಯನ ಜ್ವರ ಕಂಕುಳಲ್ಲಿ ನೋಡಬಹುದಂತೆ, ಕಲ್ಲಿನ ಜ್ವರ ಮಾತ್ರ ಮುಖದಲ್ಲೇ ನೋಡಬೇಕಂತೆ," ಅಂದೆ. "ಹತ್ತು ಹೆಜ್ಜೆ ನಡೀರಿ ಅಣ್ಣ. ನಾನು ಹೇಳಿದ್ದು ಸುಳ್ಳಾದ್ರೆ ತಿಪ್ಪಣ್ಣನ ಹಾರೆ ನಾನೇ ಹಿಡೀತೀನಿ."

ಕಟ್ಟಳೆ ಅಂತ ನಿರ್ದೇಶಕರು ಶುರು ಮಾಡಿದರು. ರಾಚೋಟಪ್ಪ ಎಡಗೈ ಎತ್ತಿ ಅವರನ್ನು ನಿಲ್ಲಿಸಿ, ಈ ಕೈ ನನ್ನದು, ಎಲ್ಲಿ ಇಡಬೇಕು ಅಂತ ಕಟ್ಟಳೆ ಬರೆದವರಿಗಿಂತ ಇದಕ್ಕೆ ಚೆನ್ನಾಗಿ ಗೊತ್ತು ಅಂದು ನನ್ನ ಹಿಂದೆ ಹೊರಟರು.

ಹಿಟ್ಟಿನ ಕೋಣೆಯಲ್ಲಿ ನಾಲ್ಕು ಜನ ನಿಲ್ಲುವಷ್ಟು ಜಾಗ. ಉಳಿದವರು ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು. ರಾಚೋಟಪ್ಪ ಕೈ ತಣ್ಣೀರಿನಲ್ಲಿ ಅದ್ದಿ, ಒರೆಸಿ, ಮೊದಲ ಕಲ್ಲಿನ ಬೆನ್ನಿಗೆ ಇಟ್ಟರು. ಎರಡನೆಯದಕ್ಕೆ ಇಟ್ಟರು. ಮೂರನೆಯದಕ್ಕೆ ಇಟ್ಟವರು ತೆಗೆಯಲೇ ಇಲ್ಲ. ಉಳಿದಿಬ್ಬರು ಹಿರಿಯರನ್ನು ಕರೆದು ಅವರ ಕೈಯನ್ನೂ ಇಡಿಸಿದರು. ಒಬ್ಬರು ಸರಕ್ಕನೆ ಹಿಂದೆಗೆದು ಬೆರಳು ಊದಿಕೊಂಡರು. ಒಂದು ತಿಂಗಳು ಬಿಸಿ ಲೋಟ ಹಿಡಿಯದ ಕೈ, ಪಾಪ.

ಮೂರನೆಯ ಕಲ್ಲು ಕಣ್ಣೀರಿನವರು ಹೇಳಿದ್ದ ಕಲ್ಲು. ಕಣ್ಣಿನ ವಿಭಾಗದ ಮುಖ್ಯಸ್ಥೆ ಪಂಕಜಾಕ್ಷಿ ಬಾಗಿಲಲ್ಲೇ ನಿಂತಿದ್ದರು. ಆ ಹನಿ ಮದ್ದನ್ನು ನಾವು ದಿನಕ್ಕೆ ಇನ್ನೂರು ಜನಕ್ಕೆ ಹಾಕುತ್ತೇವೆ, ಅದರ ಬೇರು ನಮ್ಮ ಹಿತ್ತಲಲ್ಲೇ ಇದೆ ಅಂತ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡರು. ಚರ್ಮದವರು ಐದನೆಯ ಕಲ್ಲು ಮುಟ್ಟಿ, ಇದಕ್ಕೆ ನಾವೂ ಒರಗಿದ್ದೆವು ಅಂದರು. ಶಿವಗಂಗಾ ಅವರು ಮೂಲೆಯಲ್ಲಿ ನನ್ನ ಉದ್ದಿನ ಡಬ್ಬಕ್ಕೆ ಆತು ನಿಂತಿದ್ದರು. ಒಬ್ಬೊಬ್ಬರು ಹೇಳಿದ ಹಾಗೆಲ್ಲ ಅವರ ಬೆನ್ನು ಒಂದೊಂದು ಬೆರಳಷ್ಟು ನೆಟ್ಟಗಾಗುತ್ತಿತ್ತು.

"ತಿಪ್ಪಣ್ಣ, ಹಾರೆ ಮನೆಗೆ ತಗೊಂಡು ಹೋಗು," ಅಂದರು ರಾಚೋಟಪ್ಪ. "ಇಷ್ಟು ಬಿಸಿ ಈ ಸಂಶೋಧನಾಲಯದಲ್ಲಿ ಯಾವ ಗೋಡೆಯಲ್ಲೂ ನನ್ನ ಕೈಗೆ ಸಿಕ್ಕಿಲ್ಲ."

ಹೊರಗೆ ಮೊದಲು ಚಪ್ಪಾಳೆ ತಟ್ಟಿದವರು ಹೃದಯ ವಿಭಾಗದ ಗೋಡೆಯ ಮುದುಕರು. ಆಮೇಲೆ ಅಂಗಳವೆಲ್ಲ ತಟ್ಟಿತು. ನಿರ್ದೇಶಕರೂ ತಟ್ಟಿದರು. ಅವರು ಕಟ್ಟಳೆಯ ಮನುಷ್ಯ, ಆದರೆ ಗಾಳಿ ಯಾವ ಕಡೆ ಅಂತ ತಿಳಿಯದವರಲ್ಲ. ಸಂಜೆಯೊಳಗೆ ಕಟ್ಟಳೆಯಲ್ಲಿ ಮುಖ ಎಂಬುದರ ಪಕ್ಕದಲ್ಲಿ ಬೆನ್ನು ಎಂದು ಸೇರಿತು.

ಅವತ್ತು ಮಧ್ಯಾಹ್ನ ಸಂಶೋಧನಾಲಯದಲ್ಲಿ ಯಾರೂ ಕೆಲಸ ಮಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕಲ್ಲಿನ ಬೆನ್ನು ಹುಡುಕಿಕೊಂಡು ಉಗ್ರಾಣ, ಹಿತ್ತಲು, ಬಚ್ಚಲುಮನೆಗಳಿಗೆ ನುಗ್ಗಿದರು. ಮಾಧವಮೂರ್ತಿಯವರು ಔಷಧಿ ಉಗ್ರಾಣದ ಪೆಟ್ಟಿಗೆಗಳನ್ನು ಒಬ್ಬರೇ ಸರಿಸಿದರಂತೆ. ಮೂರು ಗಂಟೆಗೆ ಮೈಯೆಲ್ಲ ಧೂಳಾಗಿ ಬಂದು ನನ್ನ ಮುಂದೆ ಕೂತರು. ನೂರಾ ಅರವತ್ತರಲ್ಲಿ ಬೆನ್ನು ಬೆಚ್ಚಗಿದ್ದದ್ದು ಎರಡು. ಉಳಿದವು ಬಾವಿಯ ಕಲ್ಲಿನ ಹಾಗೆ ತಣ್ಣಗೆ.

ನಾನು ಎರಡು ಇಡ್ಲಿ ಹೆಚ್ಚಿಗೆ ಹಾಕಿ, ಎರಡು ಅಂದರೆ ಕಮ್ಮಿಯಲ್ಲ ಸ್ವಾಮಿ, ಮುಖದ ಬಿಸಿಯೂ ಸುಳ್ಳಲ್ಲ, ನಿಮ್ಮ ಗೋಡೆ ಇಲ್ಲದಿದ್ದರೆ ಮುದುಕರು ಚಳಿಗೆ ಸಾಯುತ್ತಿದ್ದರು ಅಂದೆ. ಅವರು ತಿಂದು ಕೈ ತೊಳೆದು ನೇರವಾಗಿ ಶಿವಗಂಗಾ ಅವರ ಕೋಣೆಗೆ ಹೋದರು. ಆಮೇಲೆ ತಿಳಿಯಿತು, ಸುತ್ತಿಟ್ಟ ಕೊಳವೆಗಳನ್ನು ಬಿಚ್ಚಿ ಸಾಲಾಗಿ ಜೋಡಿಸಲು ಅವರೂ ಕೂತಿದ್ದರಂತೆ.

ಊರೂ ಬದಲಾಯಿತು. ಶಿವಗಂಗಾ ಅವರ ಕೈಯಿಂದ ನೀರು ಮುಟ್ಟದೆ ಇದ್ದ ಅಂಗಡಿ ಬೀದಿಯ ಸಾತಮ್ಮ ಮೊಮ್ಮಗಳನ್ನು ಕರೆತಂದು, ಡಾಕ್ಟರಮ್ಮನ ಕೊಳವೆಯಲ್ಲಿ ಚೆನ್ನಾಗಿ ಉಗಿಯೇ, ನಿನ್ನ ಎಂಜಲಿಂದ ಯಾರದೋ ಕಾಲು ಉಳಿಯಲಿ ಅಂದಳು. ಸರದಿ ನಿಂತಿತು. ಕೊಳವೆ ಸಾಲದೆ ನನ್ನ ಉಪ್ಪಿನಕಾಯಿ ಶೀಷೆಗಳೂ ಹೋದವು.

ಎರಡು ವರ್ಷಕ್ಕೆ ಲೇಪ ಮುಗಿಯಿತು. ಪುಟ್ಟತಾಯಿಯ ಉಳಿದ ಎಂಟು ಬೆರಳೂ ಇವತ್ತಿಗೆ ಅವಳ ಕಾಲಲ್ಲೇ ಇವೆ, ಮೊನ್ನೆ ನಮ್ಮ ಮನೆಗೆ ನಡೆದೇ ಬಂದಿದ್ದಳು. ಹನ್ನೆರಡನೆಯ ಕಲ್ಲು ಕೂರಿಸುವ ದಿನ ತಿಪ್ಪಣ್ಣನೇ ಗಾರೆ ಕಲಸಿದ. ಮುಖದ ಮೇಲೆ ಶಿವಗಂಗಾ ಅವರ ಹೆಸರು, ವರ್ಷ. ಕೂರಿಸುವ ಮೊದಲು ಅವರು ಕಲ್ಲು ತಿರುಗಿಸಿ ಬೆನ್ನನ್ನು ನನಗೆ ತೋರಿಸಿದರು. ಅಲ್ಲಿ ಉಳಿಯಲ್ಲಿ ಕೊರೆದ ಒಂದು ಅಡ್ಡ ಗೀಟು, ಕೆಳಗೆ ಚನ್ನಾಜಮ್ಮ ಅಂತ. ಇದೇನು ಅಂದೆ. ಸಾಕ್ಷಿ ಹೇಳಿದವರ ಹೆಸರು ಹಾಕುವುದು ಪದ್ಧತಿ ಅಂದರು. ಅಂಥ ಪದ್ಧತಿ ಸಂಶೋಧನಾಲಯದಲ್ಲಿ ಇರಲಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಹೊಸ ಕಲ್ಲು ತಣ್ಣಗೇ ಇರುತ್ತದೆ. ಸುದ್ದಿ ದೂರ ಹೋಗಬೇಕು, ಯಾರೋ ಓದಬೇಕು, ನಂಬಬೇಕು. ಒಲೆಯನ್ನು ತಿಪ್ಪಣ್ಣ ಮತ್ತೆ ಕಟ್ಟಿದ್ದ, ಆದರೆ ಹಿಟ್ಟಿನ ಕೋಣೆಗೆ ಕಾವು ತಾಗದ ಹಾಗೆ ಆಚೆ ಬದಿಗೆ. ಹಳೆಯ ಹನ್ನೊಂದರ ಬೆನ್ನಿಗೆ ನನ್ನ ದೊಡ್ಡ ದಬರಿಗಳು ಇರುತ್ತಿದ್ದವು. ಹನ್ನೆರಡನೆಯದು ಮೂಲೆಯಲ್ಲಿ ದೂರವಿತ್ತು. ದಿನಾ ಸಂಜೆ ಅದಕ್ಕೆ ಮಾತ್ರ ಒಂದು ಸಣ್ಣ ಚೊಂಬು ಆನಿಸಿ ಬರುತ್ತಿದ್ದೆ. ಹಿಟ್ಟು ಅರ್ಧಕ್ಕೆ, ನನ್ನ ಹೆಸರಿನ ಗೀಟಿನ ಮಟ್ಟಕ್ಕೆ. ಬೆಳಿಗ್ಗೆ ಬಂದರೆ ಇಟ್ಟ ಮಟ್ಟದಲ್ಲೇ ಇರುತ್ತಿತ್ತು. ನಾಲ್ಕು ತಿಂಗಳು ಹಾಗೇ. ಶಿವಗಂಗಾ ಅವರು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಬೆಳಗಿನ ಕಾಫಿಗೆ ಬಂದಾಗ ಅವರು ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಯುಗಾದಿ ಕಳೆದ ಮೂರನೆಯ ದಿನ ಬಾಗಿಲು ತೆಗೆದಾಗ ಚೊಂಬಿನ ಬಾಯಿಯ ಮೇಲೆ ಹಿಟ್ಟು ಬೆಳ್ಳಗೆ ಗುಡ್ಡೆ ಕಟ್ಟಿ, ಗೀಟು ದಾಟಿ, ನನ್ನ ಹೆಸರು ದಾಟಿ, ಗೋಡೆಯ ಉದ್ದಕ್ಕೂ ಇಳಿದಿತ್ತು. ಅಂಗೈ ಇಟ್ಟೆ. ಒಂದು ಕಡೆಯ ಬಿಸಿಯಲ್ಲ ಅದು. ಎಷ್ಟು ಊರಿನ ಎಷ್ಟು ಜನ ಒಟ್ಟಿಗೆ ಒರಗಿದ್ದರೋ.

ಒರೆಸಲಿಲ್ಲ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡ ಹಾಗೇ ಅಂಗಳ ದಾಟಿ ಅವರ ಕೋಣೆಯ ಬಾಗಿಲಿಗೆ ಹೋದೆ. ಎರಡೂ ಅಂಗೈ ತೋರಿಸಿದೆ, ಅಷ್ಟೇ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದ್ದು ಬಂದು, ಆ ಹಿಟ್ಟಿನ ಕೈಯನ್ನೇ ಹಿಡಿದುಕೊಂಡರು.

"ಇನ್ನೂ ಎರಡು ದಿನ ಉಬ್ಬಲಿ," ಅಂದೆ. "ಆಮೇಲೆ ಸಾಕ್ಷಿ ಅನ್ನಿ."

"ಇವತ್ತು ಹಿಟ್ಟು ಅನ್ನೋಣ ಬಿಡಿ," ಅಂದರು. "ಇಡ್ಲಿ ಹಾಕಿ, ತಿಂತೀನಿ."